ಹಳ್ಳಿಯಿಂದ ಸ್ಯಾಂಪಲ್ ಒಯ್ದವರು ಉತ್ತರಾನೂ ತರಬೇಕು, ಆರೋಗ್ಯ ಸಂಶೋಧನೆಗೆ ಕಾನೂನು ಬೇಕು

ಸಂಪಾದಕರಿಗೆ ನಮಸ್ಕಾರ ರೀ,

ನಮ್ಮ ಬಾಗಲಕೋಟ, ಬೆಳಗಾವಿ, ವಿಜಯಪುರ ಕಡೆ ದೊಡ್ಡ ದವಾಖಾನಿ ಬೇಕು, ಮೆಡಿಕಲ್ ಕಾಲೇಜ ಬೇಕು, ಸ್ಕ್ಯಾನಿಂಗ್ ಮಷಿನ್ ಬೇಕು ಅಂತ ನಿಮ್ಮ ಪೇಪರ್‌ನ್ಯಾಗ ಪತ್ರ ಬರ್ತಾನ ಇರ್ತಾವ, ಅವೆಲ್ಲಾ ಬೇಕಾದದ್ದ, ಅದರಾಗ ಎರಡು ಮಾತಿಲ್ಲ. ನಾ ಇವತ್ತ ಬರಿಯಾಕ ಕುಂತಿದ್ದು ಬ್ಯಾರೆ ವಿಷಯಕ್ಕ. ಯಾವ ರೋಗ ಯಾರಿಗೆ ಯಾಕ ಬರ್ತೈತಿ, ಯಾವ ಔಷಧ ನಮ್ಮ ಮಂದಿಗೆ ಹತ್ತತೈತಿ, ಇದನ್ನ ಹುಡುಕೋ ಕೆಲಸಕ್ಕ ಆರೋಗ್ಯ ಸಂಶೋಧನೆ ಅಂತಾರಲ್ಲ, ಅದಕ್ಕ ನಮ್ಮ ದೇಶದಾಗ ಸಂಸತ್ತು ಪಾಸ್ ಮಾಡಿದ ಒಂದು ಪೂರಾ ಕಾನೂನು ಬೇಕು. ಯಾರು ಪ್ರಶ್ನೆ ಆರಿಸಬೇಕು, ರೊಕ್ಕ ಎಲ್ಲಿಂದ ಬರಬೇಕು, ಹಳ್ಳಿ ಮಂದಿ ಒಪ್ಪಿಗೆ ಹೆಂಗ ತಗೋಬೇಕು, ಕಡೀಕ ಸಿಕ್ಕ ಉತ್ತರ ಯಾರಿಗೆ ಮುಟ್ಟಬೇಕು, ಇವೆಲ್ಲಾ ಒಂದ ಕಡೆ ಬರದಿಟ್ಟ ಕಾನೂನು.

ನಾ ಆರೋಗ್ಯ ಇಲಾಖೆಯೊಳಗ ಸಬ್‌ಸೆಂಟರ್ ನರ್ಸ್ ಆಗಿ ಸೇರಿ, ಹಿರಿಯ ಆರೋಗ್ಯ ಸಹಾಯಕಿ ಆಗಿ ರಿಟೈರ್ ಆದಾಕಿ. ಹುನಗುಂದ ತಾಲೂಕಿನ್ಯಾಗ ಭಾಳ ವರ್ಷ ಇದ್ದೆ. ಆ ಕಡೆ ಬೋರ್‌ವೆಲ್ ನೀರಿನ್ಯಾಗ ಫ್ಲೋರೈಡ್ ಇರೂದು ಎಲ್ಲಾರಿಗೂ ಗೊತ್ತಿದ್ದದ್ದ. ಸರಕಾರದ ಲೆಕ್ಕದಾಗ ಒಂದು ಲೀಟರ್ ನೀರಿಗೆ 1 ಮಿಲಿಗ್ರಾಂ ತನಕ ಇದ್ರ ಅಡ್ಡಿ ಇಲ್ಲ, ಬ್ಯಾರೆ ನೀರ ಇಲ್ಲಂದ್ರ 1.5 ತನಕ ನಡೀತೈತಿ, ಅದರ ಮ್ಯಾಲ ಹೋದ್ರ ಹುಡುಗರ ಹಲ್ಲಿನ ಮ್ಯಾಲ ಕಂದು ಪಟ್ಟಿ ಬೀಳ್ತಾವ, ವರ್ಷಾನುಗಟ್ಟಲೆ ಕುಡದ್ರ ಎಲುಬು ಬಿರುಸಾಗಿ ಬೆನ್ನು ಬಾಗತೈತಿ. ನಾ ಇದ್ದ ಒಂದು ಹಳ್ಳಿಗೆ ಒಂದ ಸಲ ಸಂಶೋಧನಾ ಟೀಮ್ ಬಂತು. ಬೋರ್ ನೀರ ತುಂಬಿಕೊಂಡ್ರು, ಸಾಲಿ ಹುಡುಗರ ಹಲ್ಲು ನೋಡಿ ಬರಕೊಂಡ್ರು, ಮೂತ್ರದ ಸ್ಯಾಂಪಲ್ ತಗೊಂಡ್ರು, ಮುದುಕರ ರಕ್ತ ತಗೊಂಡ್ರು. ಮನಿಮನಿಗೆ ಅವರನ್ನ ಕರಕೊಂಡ ಹೋದಾಕಿ ನಾನ. "ನರ್ಸಕ್ಕಾರ, ನೀವು ಹೇಳ್ತೀರಂತ ಕೊಡ್ತೀವಿ ನೋಡ್ರಿ" ಅಂತ ತಾಯಂದಿರು ಕೊಟ್ರು. ಆಮೇಲೆ ಏನೂ ಬರಲಿಲ್ಲ. ಒಂದು ಚೀಟಿ ಬರಲಿಲ್ಲ, ಒಂದು ಫೋನ್ ಬರಲಿಲ್ಲ. ಹೆಣ್ಮಕ್ಕಳು ನಳದ ಹತ್ತರ ಸಿಕ್ಕಾಗೆಲ್ಲಾ "ನಮ್ಮ ಹುಡುಗಂದು ಏನಂತ ಬಂತ್ರಿ, ಯಾವ ಬೋರಿನ ನೀರ ಕುಡಿಬಾರದಂತ" ಅಂತ ಕೇಳೋರು, ಅವರಿಗೆ ಹೇಳಾಕ ನನ್ನ ಹತ್ತರ ಒಂದು ಅಕ್ಷರ ಇರಲಿಲ್ಲ. ನಾ ಮ್ಯಾಲಿನವರಿಗೆ ಕೇಳಿದೆ, ಅವರು "ಅದು ನಮ್ಮ ಇಲಾಖೆದಲ್ಲ" ಅಂದ್ರು. ಯಾವ ಇಲಾಖೆದು ಅಂತ ಅವರಿಗೂ ಗೊತ್ತಿರಲಿಲ್ಲ.

ಆ ಟೀಮಿನವರು ಕೆಟ್ಟವರಂತ ನಾ ಅನ್ನೂದಿಲ್ಲ. ಬಿಸಿಲಾಗ ತಿರುಗಿ ಶ್ರಮ ಪಟ್ಟ ಕೆಲಸ ಮಾಡಿದ್ರು. ಆದ್ರ ಊರಿಗೆ ಉತ್ತರ ಕೊಡಬೇಕು ಅನ್ನೂದು ಅವರ ಮ್ಯಾಲ ಯಾರೂ ಹೊರಿಸಿರಲಿಲ್ಲ, ಕೇಳೂ ಹಕ್ಕು ಊರಿಗೆ ಯಾವ ಕಾನೂನೂ ಕೊಟ್ಟಿರಲಿಲ್ಲ. ನಾ ಹೇಳೂದೆಲ್ಲಾ ಇದರ ಸುತ್ತನ ಐತಿ.

ಹಿಂಗ ಕಾನೂನು ಮಾಡಿದ ದೇಶ ಯಾವುದರ ಐತೇನು ಅಂದ್ರ ಐತಿ, ಫಿಲಿಪ್ಪೀನ್ಸ್. ನಮ್ಮಂಗನ ಬಡವರು ಭಾಳ ಇರೂ ದೇಶ, ಸಾವಿರಾರು ದ್ವೀಪಗಳೊಳಗ ಮಂದಿ ಚದುರಿ ಇರ್ತಾರ, ರಾಜಧಾನಿ ಮನಿಲಾದಾಗ ದೊಡ್ಡ ದೊಡ್ಡ ಆಸ್ಪತ್ರಿ, ದೂರದ ದ್ವೀಪದಾಗ ಒಬ್ಬ ನರ್ಸ್. ಅಲ್ಲೆ 7 ಮೇ 2013ಕ್ಕ ಆಗಿನ ಅಧ್ಯಕ್ಷ ಬೆನಿಗ್ನೋ ಅಕಿನೋ ಅವರು ಗಣರಾಜ್ಯ ಕಾಯ್ದೆ 10532ಕ್ಕ ಸಹಿ ಹಾಕಿದ್ರು. ಫಿಲಿಪ್ಪೀನ್ ರಾಷ್ಟ್ರೀಯ ಆರೋಗ್ಯ ಸಂಶೋಧನಾ ವ್ಯವಸ್ಥೆ ಕಾಯ್ದೆ ಅಂತ ಅದರ ಹೆಸರು. ಒಂದ ದಿನದಾಗ ಆದದ್ದಲ್ಲ ಅದು. 2003ರಾಗ ಅವರ ವಿಜ್ಞಾನ ಇಲಾಖೆ ಮತ್ತ ಆರೋಗ್ಯ ಇಲಾಖೆ ಕೂಡಿ ಕೆಲಸ ಮಾಡೂಣು ಅಂತ ಒಪ್ಪಂದ ಮಾಡಿಕೊಂಡಿದ್ವು, 2007ರಾಗ ಉನ್ನತ ಶಿಕ್ಷಣ ಆಯೋಗ ಮತ್ತ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದ ಮನಿಲಾ ಶಾಖೆನೂ ಸೇರಿದ್ವು. ಆದ್ರ ಒಪ್ಪಂದ ಅನ್ನೂದು ಕಾಗದ ರೀ, ಮಂತ್ರಿ ಬದಲಾದ್ರ, ಸೆಕ್ರೆಟರಿ ಬದಲಾದ್ರ ಕಪಾಟಿಗೆ ಹೋಗತೈತಿ. ಅದಕ್ಕ ಹತ್ತು ವರ್ಷ ನಡಿಸಿ ನೋಡಿ, ಕಡೀಕ ಅದನ್ನ ಕಾನೂನು ಮಾಡಿದ್ರು.

ಆ ಕಾನೂನಿನ್ಯಾಗ ನನಗ ಹಿಡಿಸಿದ್ದು ಏನಂದ್ರ ಎಲ್ಲಾ ರಾಜಧಾನಿಯೊಳಗ ಇಟ್ಟಿಲ್ಲ. ಮ್ಯಾಲ ಒಂದು ಆಡಳಿತ ಮಂಡಳಿ ಐತಿ, ವಿಜ್ಞಾನ ಇಲಾಖೆಯ ಆರೋಗ್ಯ ಸಂಶೋಧನಾ ಮಂಡಳಿ ಈ ವ್ಯವಸ್ಥೆಯನ್ನ ನಡಸತೈತಿ, ಅದು 1982ರಿಂದ ಇರೂ ಸಂಸ್ಥೆ. ಅದರ ಕೂಡ ಪ್ರಾಂತ್ಯ ಪ್ರಾಂತ್ಯಕ್ಕ ಒಂದೊಂದು ಸಂಶೋಧನಾ ಒಕ್ಕೂಟ ಅದಾವ. ಆ ಭಾಗದ ಕಾಲೇಜ, ಆಸ್ಪತ್ರಿ, ಆರೋಗ್ಯ ಕಚೇರಿ ಎಲ್ಲಾ ಕೂಡಿ ಕುಂತು ನಮ್ಮ ಭಾಗದ ತ್ರಾಸ ಏನು, ಮೊದಲ ಯಾವುದನ್ನ ಹುಡುಕಬೇಕು ಅಂತ ಪಟ್ಟಿ ಮಾಡ್ತಾರ. ಅದೆಲ್ಲಾ ಕೂಡಿಸಿ ದೇಶಕ್ಕ ಒಂದು ಸಂಶೋಧನಾ ಕಾರ್ಯಸೂಚಿ ಆಗತೈತಿ, 2017ರಿಂದ 2022ರ ತನಕ ಒಂದು ಇತ್ತು, ಈಗ 2023ರಿಂದ 2028ರ ತನಕದ್ದು ನಡದೈತಿ. ಇನ್ನ ಮನುಷ್ಯರ ಮ್ಯಾಲ ನಡಿಯೂ ಸಂಶೋಧನೆ ಸರಿ ನಡದೈತೋ ಇಲ್ಲೋ ನೋಡಾಕ ಒಂದು ರಾಷ್ಟ್ರೀಯ ನೈತಿಕ ಮಂಡಳಿ ಐತಿ, ಮೊದಲ ಅದು ಇಲಾಖೆಯ ಆದೇಶದ ಮ್ಯಾಲ ನಿಂತಿತ್ತು, ಕಾಯ್ದೆ ಬಂದ ಮ್ಯಾಲ ಕಾನೂನಿನ ಬಲ ಬಂತು. ಫಿಲಿಪ್ಪೀನ್ಸ್‌ನ್ಯಾಗ ಎಲ್ಲಾ ಚೊಲೊ ಆಗಿಬಿಟ್ಟೈತಿ ಅಂತ ನಾ ಹೇಳೂದಿಲ್ಲ, ಆದ್ರ ಅಲ್ಲಿಯ ಒಂದು ದ್ವೀಪದ ನರ್ಸಿಗೆ ಯಾರ ಬಾಗಲಾ ಬಡಿಬೇಕು ಅನ್ನೂದರ ಗೊತ್ತೈತಿ.

ನಮ್ಮಲ್ಲಿ ಸಂಸ್ಥೆಗಳೇನ ಕಡಿಮಿ ಇಲ್ಲ, ಅದನ್ನೂ ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರ ಐಸಿಎಂಆರ್‌ದ ಮೂಲ 1911ರ ತನಕ ಹೋಗತೈತಿ, ಆಗ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಅಂತ ಇತ್ತು, 1949ರಾಗ ಈಗಿನ ಹೆಸರು ಬಂತು. ಅದು ಇವತ್ತಿಗೂ ನೋಂದಣಿ ಆದ ಒಂದು ಸೊಸೈಟಿ, ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ್ದಲ್ಲ. 2007ರಾಗ ಕೇಂದ್ರ ಆರೋಗ್ಯ ಮಂತ್ರಾಲಯದಾಗ ಆರೋಗ್ಯ ಸಂಶೋಧನೆಗಂತ ಬ್ಯಾರೆ ಇಲಾಖೆ ಮಾಡಿದ್ರು, ಅದೂ ಸರಕಾರದ ಆದೇಶ. ಅದ ವರ್ಷ ಜುಲೈದಾಗ ಕ್ಲಿನಿಕಲ್ ಟ್ರಯಲ್, ಅಂದ್ರ ಮಂದಿ ಮ್ಯಾಲ ಔಷಧ, ಚಿಕಿತ್ಸೆ ಪರೀಕ್ಷೆ ಮಾಡೂದು, ಅದರ ನೋಂದಣಿ ವೆಬ್‌ಸೈಟ್ ಶುರುವಾತು, 15 ಜೂನ್ 2009ರಿಂದ ಔಷಧ ಟ್ರಯಲ್ ಅದರಾಗ ಹಾಕೂದು ಕಡ್ಡಾಯ ಆತು. 2011ರಾಗ ರಾಷ್ಟ್ರೀಯ ಆರೋಗ್ಯ ಸಂಶೋಧನಾ ನೀತಿ ಅಂತ ಕರಡು ಬಂತು, ಕಾನೂನು ಆಗಲಿಲ್ಲ. 2019ರಾಗ ಹೊಸ ಔಷಧ ಮತ್ತ ಕ್ಲಿನಿಕಲ್ ಟ್ರಯಲ್ ನಿಯಮ ಬಂದ್ವು, ಅವು ಭಾಳ ಚೊಲೊ ಅದಾವ, ಆದ್ರ ಅವು ಔಷಧ ಕಾಯ್ದೆಯ ಕೆಳಗಿನ ನಿಯಮ, ಹೊಸ ಔಷಧದ ಪರೀಕ್ಷೆಗೆ ಅಂತ ಮಾಡಿದ್ದು. ನಮ್ಮ ಹಳ್ಳಿಯ ಫ್ಲೋರೈಡ್ ಸರ್ವೆ ಅಂಥಾದ್ದಕ್ಕ ಅದರಾಗ ಇರೂದು ನೈತಿಕ ಸಮಿತಿ ನೋಂದಣಿ ಮಾಡಿಸಬೇಕು, ಐಸಿಎಂಆರ್ ಮಾರ್ಗಸೂಚಿ ಪಾಲಿಸಬೇಕು ಅನ್ನೂ ಅಷ್ಟ. ಮಾರ್ಗಸೂಚಿಯೊಳಗ ಫಲಿತಾಂಶ ಸಮುದಾಯಕ್ಕ ತಿಳಿಸ್ರಿ ಅಂತ ಬರದೈತಿ, ತಿಳಿಸದಿದ್ರ ಯಾರು ಕೇಳಬೇಕು?

ಒಂದು ಮಾತು ಇಲ್ಲೆ ಸೇರಿಸ್ತೀನಿ. 2023ರಾಗ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಾಯ್ದೆ ಪಾಸ್ ಮಾಡಿತು, ಪ್ರಧಾನಮಂತ್ರಿಗಳ ಅದರ ಅಧ್ಯಕ್ಷರು, ಐದು ವರ್ಷಕ್ಕ 50,000 ಕೋಟಿ ರೂಪಾಯಿ ಅಂತ ಹೇಳಿದ್ರು, ಅದರಾಗ ಬಹುಪಾಲು ಸರಕಾರದ ಹೊರಗಿಂದ ಬರಬೇಕು. ಅದು ಎಲ್ಲಾ ವಿಜ್ಞಾನಕ್ಕ ಕೂಡಿ ಮಾಡಿದ್ದು, ಆರೋಗ್ಯ ಅದರಾಗ ಒಂದು ಭಾಗ. ಅಂದ್ರ ಸಂಶೋಧನೆಗೆ ಕಾನೂನು ಮಾಡಾಕ ಸಂಸತ್ತಿಗೆ ಬರತೈತಿ, ಮನಸ್ಸೂ ಐತಿ. ಆರೋಗ್ಯ ರಾಜ್ಯದ ವಿಷಯ ಅಲ್ಲೇನ್ರಿ ಅಂತ ವಕೀಲರು ಕೇಳಬಹುದು. ಹೌದು, ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯೊಳಗ ಐತಿ, ಆದ್ರ ವಿಶೇಷ ಸಂಶೋಧನೆಗೆ ಕೇಂದ್ರದ ಸಂಸ್ಥೆಗಳು ಅನ್ನೂದು ಕೇಂದ್ರ ಪಟ್ಟಿಯೊಳಗ ಐತಿ. ಹಿಂಗಾಗಿ ಕೇಂದ್ರ ಕಾಯ್ದೆ ಮಾಡಬಹುದು, ರಾಜ್ಯಗಳನ್ನ ಅದರಾಗ ಗಟ್ಟಿಯಾಗಿ ಕುಂಡರಸಬೇಕು ಅಷ್ಟ.

ಸಂಶೋಧನೆಯಿಂದ ಹಳ್ಳಿಗೆ ಏನ ಉಪಯೋಗ ಅಂತ ಕೇಳೋರಿಗೆ ನಾ ದೂರದ ಉದಾಹರಣೆ ಕೊಡೂದಿಲ್ಲ, ಬೆಳಗಾವಿ ಜಿಲ್ಲಾದ್ದ ಹೇಳ್ತೀನಿ. ಹೆರಿಗಿ ಆದ ಮ್ಯಾಲ ರಕ್ತ ನಿಲ್ಲದ ಬಾಣಂತಿ ಸಾಯೂದು ನನ್ನಂಥಾ ನರ್ಸ್‌ಗಳಿಗೆ ಎಲ್ಲಾಕ್ಕಿಂತ ದೊಡ್ಡ ಅಂಜಿಕಿ ಇತ್ತು. ಆಗ ಇದ್ದ ಔಷಧ ಇಂಜೆಕ್ಷನ್, ಅದನ್ನ ತಣ್ಣಗ ಇಡಬೇಕು, ಫ್ರಿಜ್ ಬೇಕು, ಕರೆಂಟ್ ಬೇಕು, ಹಳ್ಳಿಯಾಗ ರಾತ್ರಿ ಎರಡಕ್ಕ ಮನಿಯೊಳಗ ಹೆರಿಗಿ ಆದ್ರ ಅವೆಲ್ಲಾ ಎಲ್ಲಿಂದ ತರೂದು. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಕೂಡಿ ಬೆಳಗಾವಿ ಜಿಲ್ಲಾದ ಹಳ್ಳಿಗಳೊಳಗ 2002ರಿಂದ 2005ರ ತನಕ ಮಿಸೊಪ್ರೊಸ್ಟಾಲ್ ಅನ್ನೂ ಗುಳಿಗಿ ಪರೀಕ್ಷೆ ಮಾಡಿದ್ರು. ಗುಳಿಗಿ ಕೊಟ್ಟವರು ಡಾಕ್ಟರ್ ಅಲ್ಲ, ಸಬ್‌ಸೆಂಟರಿನ ನರ್ಸ್‌ಗಳು. ಒಟ್ಟ 1620 ಹೆಣ್ಮಕ್ಕಳು ಅದರಾಗ ಸೇರಿದ್ರು. ಸುಮ್ಮನ ಗುಳಿಗಿ, ಅಂದ್ರ ಔಷಧ ಇಲ್ಲದ್ದು ತಗೊಂಡವರೊಳಗ ನೂರಕ್ಕ 12 ಮಂದಿಗೆ ಹೆಚ್ಚಿನ ರಕ್ತಸ್ರಾವ ಆತು, ಖರೇ ಗುಳಿಗಿ ತಗೊಂಡವರೊಳಗ ನೂರಕ್ಕ 6.4 ಮಂದಿಗೆ ಅಷ್ಟ. ಅತೀ ಜೋರಾದ ರಕ್ತಸ್ರಾವ 1.2 ಇದ್ದದ್ದು 0.2ಕ್ಕ ಇಳೀತು. 2006ರಾಗ ಲ್ಯಾನ್ಸೆಟ್ ಅನ್ನೂ ಜಗತ್ತಿನ ದೊಡ್ಡ ವೈದ್ಯಕೀಯ ಪತ್ರಿಕೆಯೊಳಗ ಅದು ಬಂತು. 2011ರಾಗ ವಿಶ್ವ ಆರೋಗ್ಯ ಸಂಸ್ಥೆ ಇದ ಕೆಲಸಕ್ಕ ಆ ಗುಳಿಗಿಯನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಅದರ ಕೂಡ ಇನ್ನೊಂದು ಸಣ್ಣ ಸಾಮಾನು ಬಂತು, ಅದನ್ನ ನೆನಸಿದ್ರ ನನಗ ಈಗಲೂ ಹೆಮ್ಮಿ ಆಗತೈತಿ. ರಕ್ತ ಎಷ್ಟ ಹೋತು ಅಂತ ಕಣ್ಣಲೆ ಅಂದಾಜ ಮಾಡಿದ್ರ ಯಾವಾಗಲೂ ಕಡಿಮಿನ ಅನಸ್ತೈತಿ, ಅದು ನಮಗೆಲ್ಲಾ ಅನುಭವದ ಮಾತು. ಬೆಳಗಾವಿ ಟೀಮಿನವರು ಬಾಣಂತಿ ಕೆಳಗ ಹಾಸೂ ಪ್ಲಾಸ್ಟಿಕ್ ಹಾಳಿ ಮಾಡಿದ್ರು, ಕೆಳಗ ಚೀಲದಂಗ ಇಳಿಬಿದ್ದಿರತೈತಿ, ಅದರ ಮ್ಯಾಲ ಅಳತಿಯ ಗೆರಿ ಇರ್ತಾವ, ಎಷ್ಟ ಮಿಲಿ ತುಂಬಿತು ಅಂತ ಓದಿ ಹೇಳಬಹುದು. ಅಂಥಾದ್ದ ಅಳತಿ ಹಾಳಿ ಇಟಗೊಂಡು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶದ 80 ಆಸ್ಪತ್ರಿಯೊಳಗ ಎರಡು ಲಕ್ಷಕ್ಕಿಂತ ಹೆಚ್ಚು ಹೆರಿಗಿ ಮ್ಯಾಲ ಒಂದು ದೊಡ್ಡ ಅಧ್ಯಯನ ಆತು, 2023ರಾಗ ಅದರ ಫಲಿತಾಂಶ ಬಂತು. ಬೇಗ ಅಳದು, ಬೇಗ ಎಲ್ಲಾ ಚಿಕಿತ್ಸೆ ಕೂಡೇ ಶುರು ಮಾಡಿದ್ರ ಜೋರಾದ ರಕ್ತಸ್ರಾವ, ಅದರಿಂದ ಆಗೂ ಆಪರೇಷನ್, ಸಾವು ಎಲ್ಲಾ ಕೂಡಿ ನೂರಕ್ಕ 60ರಷ್ಟು ಕಡಿಮಿ ಆದ್ವು. ನಮ್ಮ ಬೆಳಗಾವಿ ಜಿಲ್ಲಾದ ನರ್ಸ್‌ಗಳ ಕೈಯಾಗಿನ ಸಮಸ್ಯೆಯಿಂದ ಹುಟ್ಟಿದ ಪ್ರಶ್ನೆ ಆಫ್ರಿಕಾದ ತಾಯಂದಿರಿಗೂ ಮುಟ್ಟಿತು ನೋಡ್ರಿ. ಚೊಚ್ಚಲ ಬಸುರಿಯರಿಗೆ ದಿನಾ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ರ ದಿನ ತುಂಬೂಕ್ಕಿಂತ ಮೊದಲ ಹೆರಿಗಿ ಆಗೂದು ಕಡಿಮಿ ಆಗತೈತೇನು ಅಂತ ಆರು ದೇಶದ 11,976 ಹೆಣ್ಮಕ್ಕಳ ಮ್ಯಾಲ ನೋಡಿದ್ರಲ್ಲ, ಅದರಾಗೂ ಬೆಳಗಾವಿ ಇತ್ತು, ನೂರಕ್ಕ 13.1 ಇದ್ದದ್ದು 11.6ಕ್ಕ ಇಳೀತು ಅಂತ 2020ರಾಗ ಬಂತು.

ಬಾಗಲಕೋಟದ್ದೂ ಒಂದು ಐತಿ. 2000ದ ಸುಮಾರಿಗೆ ಎಚ್‌ಐವಿ ಸಿಟಿ ಜಡ್ಡು, ಲಾರಿ ಡ್ರೈವರ್‌ಗಳ ಜಡ್ಡು ಅಂತ ಎಲ್ಲಾರೂ ಹೇಳ್ತಿದ್ರು. 2003ರಾಗ ಬಾಗಲಕೋಟ ಜಿಲ್ಲಾದ ಹಳ್ಳಿ, ಪಟ್ಟಣ ಎರಡರೊಳಗೂ ಸಾಮಾನ್ಯ ಮಂದಿ ಮ್ಯಾಲ ಸರ್ವೆ ಮಾಡಿ ನೋಡಿದ್ರ, ನಮ್ಮ ಹಳ್ಳಿಗಳೊಳಗನ ಸೋಂಕು ಹಬ್ಬಿದ್ದು ಕಂಡುಬಂತು. ಅದನ್ನ ನೋಡಿದ ಮ್ಯಾಲ ದೇವದಾಸಿ ತಾಯಂದಿರ ಸಂಘಟನೆ, ಹಳ್ಳಿ ಮಟ್ಟದ ಟೆಸ್ಟ್, ಬಸುರಿಯರಿಗೆ ಔಷಧ, ಇವೆಲ್ಲಾ ಹಳ್ಳಿಗೆ ಬಂದ್ವು. ಆಗ ಆ ಸರ್ವೆ ಆಗಲಿಲ್ಲಂದ್ರ ಎಷ್ಟ ಮನಿ ಖಾಲಿ ಆಗತಿದ್ವೋ ಅಂತ ನೆನಸಿದ್ರ ಎದಿ ಝಲ್ ಅನ್ನತೈತಿ.

ಆದ್ರ ಇವೆಲ್ಲಾ ಕೆಲಸಕ್ಕ ರೊಕ್ಕ ಎಲ್ಲಿಂದ ಬಂತು? ಗುಳಿಗಿ ಅಧ್ಯಯನಕ್ಕ ಅಮೆರಿಕ ಸರಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮತ್ತ ಗೇಟ್ಸ್ ಫೌಂಡೇಷನ್ ಕೊಟ್ವು. ಬಾಗಲಕೋಟದ ಎಚ್‌ಐವಿ ಕೆಲಸಕ್ಕ ಕೆನಡಾದ್ದು. ಅವರು ಕೊಟ್ಟಿದ್ದಕ್ಕ ನಾವು ಋಣಿ, ಆದ್ರ ರೊಕ್ಕ ಕೊಟ್ಟವರು ಪ್ರಶ್ನೆನೂ ಆರಸ್ತಾರ, ಅದು ಸಹಜ. ಮೇ 2025ರಾಗ ಅಮೆರಿಕದ ಅದ ಸಂಸ್ಥೆ ಪರದೇಶದ ಸಂಸ್ಥೆಗಳಿಗೆ ತಮ್ಮ ಸಂಶೋಧಕರ ಮುಖಾಂತರ ಹಂಚತಿದ್ದ ರೊಕ್ಕದ ಪದ್ಧತಿ ನಿಲ್ಲಸ್ತೀವಿ, ಹೊಸ ಪದ್ಧತಿ ಬರೂ ತನಕ ಹಂಗ ಕೊಡೂದಿಲ್ಲ ಅಂತ ಹೇಳಿತು. ಅಲ್ಲೆ ಒಂದು ಸರಕಾರ ಮನಸ್ಸ ಬದಲಿಸಿದ್ರ ಇಲ್ಲೆ ನಮ್ಮ ಬಸುರಿಯರ ಮ್ಯಾಲಿನ ಕೆಲಸ ನಿಲ್ಲಬಾರದು.

ಕೇಂದ್ರದ 2025-26ರ ಬಜೆಟ್ಟಿನ್ಯಾಗ ಆರೋಗ್ಯ ಮಂತ್ರಾಲಯಕ್ಕ ಸುಮಾರು 99,859 ಕೋಟಿ ಇಟ್ಟಾರ, ಅದರಾಗ ಸಂಶೋಧನಾ ಇಲಾಖೆಗೆ ಸುಮಾರು 3,901 ಕೋಟಿ. ಮಂತ್ರಾಲಯದ ಲೆಕ್ಕಕ್ಕ ನೂರಕ್ಕ ನಾಲ್ಕು ಅಂತ ಕಾಣತೈತಿ, ಆದ್ರ ಸರಕಾರ, ಮಂದಿ, ಕಂಪನಿ ಎಲ್ಲಾರೂ ಕೂಡಿ ಈ ದೇಶದಾಗ ಆರೋಗ್ಯಕ್ಕ ಖರ್ಚ ಮಾಡಿದ್ದು 2021-22ರಾಗನ 9.04 ಲಕ್ಷ ಕೋಟಿ ಅಂತ ಸರಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕ ಹೇಳತೈತಿ, ಅದರ ಮುಂದ ಇಟ್ರ ಇದು ನೂರಕ್ಕ ಅರ್ಧ ರೂಪಾಯಿನೂ ಆಗೂದಿಲ್ಲ. ಬ್ಯಾರೆ ಇಲಾಖೆ, ಔಷಧ ಕಂಪನಿ ಹಾಕೂ ರೊಕ್ಕ ಬ್ಯಾರೆ ಇರತೈತಿ, ಅದನ್ನ ನಾ ಬಲ್ಲೆ. ಹಂಗಿದ್ರೂ 1990ರಾಗ ಅಭಿವೃದ್ಧಿಗಾಗಿ ಆರೋಗ್ಯ ಸಂಶೋಧನೆ ಕುರಿತ ಅಂತರರಾಷ್ಟ್ರೀಯ ಆಯೋಗ, ಬಡ ದೇಶಗಳು ತಮ್ಮ ಆರೋಗ್ಯ ಖರ್ಚಿನ ನೂರಕ್ಕ ಎರಡರಷ್ಟು ಸಂಶೋಧನೆಗೆ ಇಡಬೇಕು ಅಂತ ಹೇಳಿತ್ತು. ಮೂರೂವರಿ ದಶಕ ಆತ್ರಿ.

ಈಗ ನಮ್ಮ ಮೂರು ಜಿಲ್ಲಾದಾಗ ಯಾರೂ ಕೇಳದ ಪ್ರಶ್ನೆ ಎಷ್ಟ ಅದಾವ ಅಂತ ಹೇಳ್ತೀನಿ, ಇದು ನಾ ಕಣ್ಣಾರೆ ಕಂಡದ್ದು. ಇಳಕಲ್‌ದ ಕೆಂಪು ಗ್ರಾನೈಟ್ ಕ್ವಾರಿಯೊಳಗ ಕಲ್ಲು ಕೊರಿಯೂ ಹುಡುಗರು ನಲವತ್ತಕ್ಕ ದಮ್ಮು ಹಿಡಕೊಂಡು ಬರ್ತಾರ. ಎಕ್ಸರೇ ನೋಡಿದ್ರ ಟಿಬಿ ಇದ್ದಂಗ ಕಾಣತೈತಿ, ಟಿಬಿ ಗುಳಿಗಿ ಕೊಡ್ತಾರ, ಗುಣ ಆಗೂದಿಲ್ಲ, ಯಾಕಂದ್ರ ಅದು ಕಲ್ಲಿನ ಧೂಳಿನಿಂದ ಪುಪ್ಪಸಕ್ಕ ಬರೂ ಸಿಲಿಕೋಸಿಸ್ ರೋಗ ಇರಬಹುದು, ಕೆಲವರಿಗೆ ಎರಡೂ ಕೂಡಿ ಇರತೈತಿ. ಇಂಥವರು ನಮ್ಮ ಜಿಲ್ಲಾದಾಗ ಎಷ್ಟ ಮಂದಿ ಅಂತ ಲೆಕ್ಕ ಕೊಡ್ರಿ ಅಂದ್ರ ಯಾರ ಹತ್ತರ ಐತಿ? ರಾಜಸ್ಥಾನ ಸರಕಾರ 2019ರಾಗ ಈ ರೋಗಕ್ಕ ಪಾಲಿಸಿ ಮಾಡಿ, ರೋಗ ಅಂತ ಸರ್ಟಿಫಿಕೇಟ್ ಸಿಕ್ಕವರಿಗೆ 3 ಲಕ್ಷ ರೂಪಾಯಿ ಕೊಡತೈತಿ. ಅಲ್ಲೆ ಮೊದಲ ರೋಗಿಗಳನ್ನ ಹುಡುಕಿ ಎಣಿಸಿದ್ರು, ಆಮೇಲೆ ಪಾಲಿಸಿ ಬಂತು. ನಮ್ಮಲ್ಲಿ ಎಣಿಕಿನ ಇಲ್ಲಂದ್ರ ಕೇಳೂದು ಏನಂತ.

ರಬಕವಿ-ಬನಹಟ್ಟಿ, ಗುಳೇದಗುಡ್ಡದಾಗ ಮನಿಯೊಳಗನ ಪವರ್‌ಲೂಮ್ ಇರ್ತಾವ. ಹತ್ತಿ ಧೂಳು, ಹಗಲು ರಾತ್ರಿ ಮಗ್ಗದ ಸಪ್ಪಳ, ಅದ ಖೋಲಿಯೊಳಗ ಕೂಸು ಮಲಗಿರತೈತಿ. ನೇಕಾರರಿಗೆ ಕಿವಿ ಕೇಳೂದಿಲ್ಲ ಅನ್ನೂದು ಆ ಕಡೆ ಮಾತಾಡೂ ರೀತಿಯೊಳಗ ಗೊತ್ತಾಗತೈತಿ, ಎಲ್ಲಾರೂ ಜೋರಾಗಿ ಮಾತಾಡ್ತಾರ. ಆ ಕೂಸುಗಳ ಕಿವಿ ಹೆಂಗ ಅದಾವ, ಪುಪ್ಪಸ ಹೆಂಗ ಅದಾವ? ವಿಜಯಪುರ ಕಡೆ ತಿಕೋಟಾ, ಬಬಲೇಶ್ವರದಾಗ ದ್ರಾಕ್ಷಿ ಬೆಳೀತಾರ, ಒಂದು ಸೀಜನ್ನಿನ್ಯಾಗ ಎಷ್ಟ ಸಲ ಕೀಟನಾಶಕದ ಎಣ್ಣಿ ಹೊಡೀತಾರೋ ದೇವರಿಗೆ ಗೊತ್ತು, ಹೊಡಿಯೂ ಹುಡುಗ ಬಾಯಿಗೆ ಒಂದು ಟವೆಲ್ ಕಟಗೊಂಡಿರ್ತಾನ, ಎಲಿ ತಗಿಯಾಕ, ಗೊನಿ ಅದ್ದಾಕ ಬರೂ ಹೆಣ್ಮಕ್ಕಳು ಬರಿಗೈಲೆ ಇರ್ತಾರ, ಅವರೊಳಗ ಬಸುರಿಯರೂ ಇರ್ತಾರ. ಮುಧೋಳ, ಜಮಖಂಡಿ, ಅಥಣಿ, ರಾಯಬಾಗ ಕಡೆ ಕಬ್ಬು ಕಡಿಯಾಕ ಮಹಾರಾಷ್ಟ್ರದ ಬೀಡ್ ಕಡೆಯಿಂದ ಗ್ಯಾಂಗ್ ಬರ್ತಾವ. ಬೀಡ್ ಜಿಲ್ಲಾದ ಕಬ್ಬು ಕಡಿಯೂ ಹೆಣ್ಮಕ್ಕಳು ಸಣ್ಣ ವಯಸ್ಸಿನ್ಯಾಗನ ಗರ್ಭಕೋಶ ತಗಿಸಿಕೊಂಡಾರ ಅನ್ನೂದು 2019ರಾಗ ದೇಶಕ್ಕೆಲ್ಲಾ ಗೊತ್ತಾಗಿ ಅಲ್ಲಿಯ ಸರಕಾರ ಸಮಿತಿ ಮಾಡಿತು. ಅಂಥಾ ಹೆಣ್ಮಕ್ಕಳು ವರ್ಷದಾಗ ನಾಲ್ಕೈದು ತಿಂಗಳು ನಮ್ಮ ಹೊಲದ ಬದುವಿನ ಮ್ಯಾಲ ಟೆಂಟಿನ್ಯಾಗ ಇರ್ತಾರ, ಆಗ ಅವರು ನಮ್ಮ ಲೆಕ್ಕಕ್ಕೂ ಇಲ್ಲ, ಅವರ ಊರಿನ ಲೆಕ್ಕಕ್ಕೂ ಇಲ್ಲ.

ಕಬ್ಬಿನ ಹೊಲ ಅಂದ್ರ ಹಾವು ಬಂತು. ಫೆಬ್ರುವರಿ 2024ರಾಗ ನಮ್ಮ ಕರ್ನಾಟಕ ಸರಕಾರ ಹಾವು ಕಡಿದ ಪ್ರತಿಯೊಂದು ಕೇಸನ್ನ ಆಸ್ಪತ್ರಿಯವರು ತಿಳಿಸಬೇಕು ಅಂತ ಕಡ್ಡಾಯ ಮಾಡಿತು, ಭಾಳ ಚೊಲೊ ಕೆಲಸ ಅದು, ದೇಶದಾಗ ಮೊದಲು ಮಾಡಿದ್ದು ನಾವ. ಆದ್ರ ಈಗ ಸಿಗೂ ವಿಷ ಇಳಿಸೂ ಇಂಜೆಕ್ಷನ್ನಿಗೆ ಬೇಕಾದ ಹಾವಿನ ವಿಷ ಬಹುತೇಕ ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರತೈತಿ. ಒಂದ ಜಾತಿ ಹಾವಾದ್ರೂ ಪ್ರದೇಶಕ್ಕ ತಕ್ಕಂಗ ಅದರ ವಿಷ ಬ್ಯಾರೆ ಇರತೈತಿ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ವಿಜ್ಞಾನಿಗಳು ತೋರಿಸ್ಯಾರ. ಹಂಗಾದ್ರ ಕೃಷ್ಣಾ ದಂಡಿಯ ಕೊಳಕಮಂಡಲ ಕಡದವರಿಗೆ ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಔಷಧ ಎಷ್ಟ ಹತ್ತತೈತಿ? ಇದು ನಮ್ಮ ಭಾಗದವರು ಕೇಳಬೇಕಾದ ಪ್ರಶ್ನೆ, ದಿಲ್ಲಿಯಾಗ ಕುಂತವರಿಗೆ ಹೊಳಿಯೂದಿಲ್ಲ. ಪ್ರಾಂತ್ಯದ ಒಕ್ಕೂಟ ಬೇಕು ಅನ್ನೂದು ಇದಕ್ಕ.

ಮಾಡಾಕ ನಮ್ಮ ಕಡೆ ಏನೂ ಇಲ್ಲಂತಲ್ಲ. ಬೆಳಗಾವಿ ನೆಹರೂ ನಗರದಾಗ ಐಸಿಎಂಆರ್‌ದ್ದ ಒಂದು ರಾಷ್ಟ್ರೀಯ ಸಂಸ್ಥೆ ಐತಿ, 2006ರಾಗ ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರ ಅಂತ ಶುರುವಾಗಿ ಈಗ ಪಾರಂಪರಿಕ ವೈದ್ಯದ ಸಂಸ್ಥೆ ಆಗೇತಿ, ಕೋವಿಡ್ ಟೈಮಿನ್ಯಾಗ ಟೆಸ್ಟಿಂಗ್ ಮಾಡಿ ಈ ಭಾಗಕ್ಕ ಆಸರ ಆತು. ಬೆಳಗಾವಿಯೊಳಗ ಸರಕಾರಿ ಮೆಡಿಕಲ್ ಕಾಲೇಜ ಐತಿ, ವಿಜಯಪುರದಾಗ, ಬಾಗಲಕೋಟದಾಗ ಖಾಸಗಿ ಮೆಡಿಕಲ್ ಕಾಲೇಜ ಅದಾವ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋಕ್ಕ ಈಗ ಮಂದಿ ವಾಕಿಂಗ್‌ಗೆ ಹೋಗ್ತಾರ, ಬ್ರಿಟಿಷರ ಕಾಲದಾಗ ಅಲ್ಲೆ ಸಿಡುಬಿನ ಲಸಿಕೆ ತಯಾರಾಗ್ತಿತ್ತು ಅನ್ನೂದು ಈಗಿನ ಹುಡುಗರಿಗೆ ಗೊತ್ತಿಲ್ಲ. ಇಷ್ಟೆಲ್ಲಾ ಇದ್ದೂ ಇವರೆಲ್ಲಾ ಒಂದ ಟೇಬಲ್ಲಿಗೆ ಕುಂತು ಈ ಮೂರು ಜಿಲ್ಲಾಕ್ಕ ಮೊದಲ ಏನ ಹುಡುಕಬೇಕು ಅಂತ ತೀರ್ಮಾನ ಮಾಡಬೇಕು ಅಂತ ಯಾವ ಕಾನೂನೂ ಹೇಳೂದಿಲ್ಲ. ಪಿಜಿ ವಿದ್ಯಾರ್ಥಿಗಳು ವರ್ಷಾ ವರ್ಷಾ ಥೀಸಿಸ್ ಬರೀತಾರ, ಬೈಂಡ್ ಮಾಡಿಸಿ ಲೈಬ್ರರಿಯೊಳಗ ಇಡ್ತಾರ. ಅವರ ಪ್ರಶ್ನೆಗಳನ್ನ ಈ ಕಡೆ ತಿರುಗಿಸಿದ್ರ ಎಷ್ಟ ಕೆಲಸ ಆಗತಿತ್ತು.

ಇನ್ನ ಒಪ್ಪಿಗೆ ವಿಷಯ. ಇದರಾಗ ನಾ ಸ್ವಲ್ಪ ಕಠಿಣನ ಇರ್ತೀನಿ. 2009-10ರಾಗ ಆಗಿನ ಆಂಧ್ರದ ಖಮ್ಮಂ ಜಿಲ್ಲಾ ಮತ್ತ ಗುಜರಾತಿನ ವಡೋದರಾದಾಗ ಗರ್ಭಕಂಠದ ಕ್ಯಾನ್ಸರ್ ತಡಿಯೂ ಎಚ್‌ಪಿವಿ ಲಸಿಕೆ ಪ್ರಯೋಗ ಆತು. ಲಸಿಕೆ ಕೆಟ್ಟದ್ದಲ್ಲ, ನಾ ಅದರ ಪರ ಇರಾಕಿ, ನಮ್ಮ ಹೆಣ್ಮಕ್ಕಳಿಗೆಲ್ಲಾ ಸಿಗಬೇಕು. ಆದ್ರ ಅಲ್ಲೆ ಎಷ್ಟೋ ಹುಡುಗಿಯರ ಒಪ್ಪಿಗೆ ಪತ್ರಕ್ಕ ತಾಯಿ-ತಂದಿ ಅಲ್ಲ, ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ರು. ಸಂಸತ್ತಿನ ಸ್ಥಾಯಿ ಸಮಿತಿ 2013ರಾಗ ಇದನ್ನ ಕಟುವಾಗಿ ಬರದೈತಿ. ಹಂಗ ಮಾಡಿದ್ದಕ್ಕ ಆದ ನಷ್ಟ ಏನಂದ್ರ, ಮಂದಿ ಲಸಿಕೆ ಮ್ಯಾಲನ ನಂಬಿಕಿ ಕಳಕೊಂಡ್ರು, ವರ್ಷಾನುಗಟ್ಟಲೆ ಆ ಲಸಿಕೆ ಮಾತ ಎತ್ತಾಕ ಎಲ್ಲಾರೂ ಅಂಜಿದ್ರು. 2013ರಾಗ ಔಷಧ ಟ್ರಯಲ್‌ದಾಗ ಒಪ್ಪಿಗೆ ತಗೊಳ್ಳೂದನ್ನ ವಿಡಿಯೊ ಮಾಡಬೇಕು ಅಂತ ಬಂತು, ಆಮೇಲೆ ಅದನ್ನ ಕೆಲವು ಟ್ರಯಲ್‌ಗಳಿಗಷ್ಟ ಇಟ್ರು, 2019ರ ನಿಯಮದಾಗ ನೈತಿಕ ಸಮಿತಿಯೊಳಗ ಕಡಿಮಿ ಅಂದ್ರ ಏಳು ಮಂದಿ, ಅರ್ಧದಷ್ಟು ಹೊರಗಿನವರು, ಒಬ್ಬ ಹೆಣ್ಮಗಳು, ಒಬ್ಬ ಸಾಮಾನ್ಯ ನಾಗರಿಕ ಇರಬೇಕು ಅಂತ ಬಂತು. ಇಂಥಾ ರಕ್ಷಣೆ ಗುಳಿಗಿ ಪರೀಕ್ಷೆಗೆ ಎಷ್ಟ ಗಟ್ಟಿ ಐತೋ ನೀರ, ರಕ್ತ, ಮೂತ್ರದ ಸರ್ವೆಗೂ ಅಷ್ಟ ಗಟ್ಟಿ ಬೇಕು. ಬೆಳಗಾವಿ ಗಡಿಯೊಳಗ ಒಪ್ಪಿಗೆ ಪತ್ರ ಕನ್ನಡದಾಗ, ಮರಾಠಿಯೊಳಗ, ಉರ್ದುದಾಗ ಇರಬೇಕು, ಓದಾಕ ಬರದವರಿಗೆ ಓದಿ ಹೇಳಬೇಕು, ಬ್ಯಾಡ ಅನ್ನೂ ಹಕ್ಕು ನಿಮಗ ಐತಿ ಅಂತ ಮೊದಲ ಹೇಳಬೇಕು.

ಹೊಸ ಕಾನೂನು ಬಂದ್ರ ಹೊಸ ಮಂಡಳಿ, ಹೊಸ ಬಿಲ್ಡಿಂಗ್, ಹೊಸ ಕಾರು, ಡಾಕ್ಟರಿಗೆ ಇನ್ನಷ್ಟು ಫಾರ್ಮ್ ತುಂಬೂ ಕೆಲಸ ಅಂತ ನನಗ ಗೊತ್ತಿದ್ದ ಒಬ್ಬರು ಪ್ರೊಫೆಸರ್ ಹೇಳಿದ್ರು. ಅವರ ಮಾತಿನ್ಯಾಗ ಹುರುಳೈತಿ, ನೈತಿಕ ಸಮಿತಿ ಮೀಟಿಂಗ್ ಆಗದ ಫೈಲ್ ತಿಂಗಳಗಟ್ಟಲೆ ಕುಂತಿರೂದು ನಾನೂ ಕೇಳೀನಿ. ಅದಕ್ಕ ಕಾನೂನಿನ್ಯಾಗನ ಇಷ್ಟ ದಿನದಾಗ ತೀರ್ಮಾನ ಕೊಡಬೇಕು ಅಂತ ಗಡುವು ಹಾಕಬೇಕು. ಹೊಸ ಕಟ್ಟಡ ಬ್ಯಾಡ, ಇರೂ ಐಸಿಎಂಆರ್ ಸಂಸ್ಥೆಗಳನ್ನ, ಇರೂ ಕಾಲೇಜಗಳನ್ನ ಒಕ್ಕೂಟದಾಗ ಕೂಡಿಸಿದ್ರ ಸಾಕು. ಒಕ್ಕೂಟದಾಗ ಡಾಕ್ಟರ್‌ಗಳಷ್ಟ ಅಲ್ಲ, ಆಶಾ ಕಾರ್ಯಕರ್ತೆಯರು, ಸಬ್‌ಸೆಂಟರಿನ ಸಿಸ್ಟರ್‌ಗಳು, ನೇಕಾರರ ಸಂಘದವರು, ಕ್ವಾರಿ ಕೂಲಿಗಳು, ರೈತರು ಕುಂಡರಬೇಕು. ಸಂಶೋಧನೆ ಮುಗದ ಮ್ಯಾಲ ಆರು ತಿಂಗಳದಾಗ ಆ ಊರಿನ ಗ್ರಾಮಸಭೆಯೊಳಗ ಆ ಊರಿನ ಭಾಷೆಯೊಳಗ ಫಲಿತಾಂಶ ಹೇಳಬೇಕು, ಪಂಚಾಯ್ತಿ ಬೋರ್ಡಿಗೆ ಒಂದು ಹಾಳಿ ಅಂಟಿಸಬೇಕು. ಯಾರ ಹೆಸರೂ ಅದರಾಗ ಬರಬಾರದು, ಯಾರದರ ಟೆಸ್ಟಿನ್ಯಾಗ ತೊಂದರಿ ಕಂಡ್ರ ಅವರಿಗಷ್ಟ ಗುಟ್ಟಾಗಿ ಹೇಳಿ ಚಿಕಿತ್ಸೆಗೆ ಹಚ್ಚಬೇಕು. ಹೇಳದಿದ್ರ ಮುಂದಿನ ಸಲ ರೊಕ್ಕ ಇಲ್ಲ ಅನ್ನೂ ಒಂದು ಸಾಲು ಕಾನೂನಿನ್ಯಾಗ ಇದ್ರ ನೋಡ್ರಿ, ಎಲ್ಲಾರೂ ತಾವಾಗೇ ಬರ್ತಾರ.

ಇದನ್ನ ಓದೂ ನಮ್ಮ ಲೋಕಸಭಾ ಸದಸ್ಯರಿಗೆ ಒಂದು ವಿನಂತಿ. ಬೆಳಗಾವಿ, ಚಿಕ್ಕೋಡಿ, ಬಾಗಲಕೋಟ, ವಿಜಯಪುರ ನಾಲ್ಕು ಕ್ಷೇತ್ರ, ಖಾನಾಪುರ ಮತ್ತ ಕಿತ್ತೂರ ಉತ್ತರ ಕನ್ನಡಕ್ಕ ಸೇರ್ತಾವ, ಅವರೂ ಕೂಡಿ ಐದು ಮಂದಿ. ಪಕ್ಷ ಯಾವುದಾದ್ರೂ ಇರಲಿ, ಶುಕ್ರವಾರ ಮಧ್ಯಾಹ್ನ ಖಾಸಗಿ ಸದಸ್ಯರ ಮಸೂದೆಗೆ ಟೈಮ್ ಇರತೈತಿ, ರಾಷ್ಟ್ರೀಯ ಆರೋಗ್ಯ ಸಂಶೋಧನಾ ವ್ಯವಸ್ಥೆ ಅಂತ ಒಂದು ಮಸೂದೆ ಐವರೂ ಕೂಡಿ ತಯಾರ ಮಾಡಿ ಒಬ್ಬರು ಮಂಡಿಸ್ರಿ. ಪಾಸ್ ಆಗೂದು ಕಷ್ಟ ಅಂತ ಗೊತ್ತೈತಿ, ಆದ್ರ ಕಡತಕ್ಕ ಸೇರತೈತಿ, ಚರ್ಚೆಗೆ ಬಂದ್ರ ಸರಕಾರ ಉತ್ತರ ಕೊಡಬೇಕಾಗತೈತಿ. ಚಳಿಗಾಲದಾಗ ಬೆಳಗಾವಿ ಸುವರ್ಣಸೌಧದಾಗ ಅಧಿವೇಶನಕ್ಕ ಬರೂ ನಮ್ಮ ಶಾಸಕರು ಇಂಥಾ ಕಾಯ್ದೆ ಮಾಡ್ರಿ ಅಂತ ಕೇಂದ್ರಕ್ಕ ಒಂದು ನಿರ್ಣಯ ಕಳಿಸ್ರಿ, ಅದಕ್ಕ ಕಾಯದ ಬೆಳಗಾವಿ ವಿಭಾಗಕ್ಕ ಒಂದು ಸಂಶೋಧನಾ ಒಕ್ಕೂಟವನ್ನ ರಾಜ್ಯದ ಆದೇಶದ ಮ್ಯಾಲನ ಶುರು ಮಾಡ್ರಿ, ಫಿಲಿಪ್ಪೀನ್ಸ್‌ದವರೂ ಮೊದಲ ಒಪ್ಪಂದದಿಂದನ ಶುರು ಮಾಡಿದ್ರು. ಮೊದಲನೇ ವರ್ಷಕ್ಕ ಇಳಕಲ್ ಕ್ವಾರಿ ಕೂಲಿಗಳ ಎಕ್ಸರೇ ಮತ್ತ ಹುನಗುಂದ ತಾಲೂಕಿನ ಫ್ಲೋರೈಡ್, ಇವೆರಡನ್ನ ತಗೊಳ್ರಿ ಅಂತ ನನ್ನ ಬೇಡಿಕಿ. ಆ ಕೆಲಸಕ್ಕ ಮನಿಮನಿಗೆ ಕರಕೊಂಡ ಹೋಗಾಕ ನನ್ನಂಥಾ ರಿಟೈರ್ ಆದ ಸಿಸ್ಟರ್‌ಗಳು ಭಾಳ ಮಂದಿ ಇದೀವಿ, ರೊಕ್ಕ ಕೇಳೂದಿಲ್ಲ, ರಿಪೋರ್ಟ್ ಊರಿಗೆ ಕೊಡ್ತೀವಿ ಅಂತ ಮೊದಲ ಬರದು ಕೊಡಬೇಕಷ್ಟ.

ಇಂತಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ,
ನವನಗರ, ಬಾಗಲಕೋಟ